ಹಸಿರು ಕಲ್ಲುಗಳು

ಸೋಪು ಮಾಡುವವರ ಮನೆ ಎಂದರೆ ಫಳಫಳ ಹೊಳೆಯುತ್ತಿರುತ್ತದೆ ಎಂದು ಜನ ಅಂದುಕೊಂಡಿರುತ್ತಾರೆ. ಒಂದು ದಿನ ಬಂದು ಇದ್ದು ನೋಡಲಿ, ಗೊತ್ತಾಗುತ್ತದೆ. ಹಿತ್ತಲಿನ ಶೆಡ್ಡಿನಲ್ಲಿರುವ ಎಣ್ಣೆ ಡ್ರಮ್ಮುಗಳ ಜಿಡ್ಡು ಕಾಲಿಗೆ ಅಂಟಿಕೊಂಡು ಅಡುಗೆಮನೆಯ ಹೊಸ್ತಿಲು ದಾಟುತ್ತದೆ, ಬಾಗಿಲ ಚಿಲಕಕ್ಕೆ ಹತ್ತುತ್ತದೆ, ಕೊನೆಗೆ ನೀರು ಕುಡಿಯುವ ಲೋಟಕ್ಕೂ ಬರುತ್ತದೆ. ಕಾಸ್ಟಿಕ್ ಸೋಡಾ ಚೆಲ್ಲಿದ ಕಡೆಯೆಲ್ಲ ನೆಲ ಬೆಳ್ಳಗೆ ಸುಟ್ಟುಹೋಗಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಆ ಮನೆಯ ಹಿರಿಯರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಹೊರಗಿನವರ ಮುಂದೆ ಹಾಗೇ ಅನ್ನುತ್ತಿದ್ದಳು, ಸ್ವಲ್ಪ ನಗುತ್ತ. ಹೆಸರಿಗೆ ಯಜಮಾನರು, ಅಷ್ಟೆ. ಎಣ್ಣೆ ಕಾಯಿಸುವುದು, ಕಾಸ್ಟಿಕ್ ನೀರು ಬೆರೆಸುವುದು, ರಟ್ಟೆ ಸೋಲುವವರೆಗೂ ಕಲಕಿ ಅಚ್ಚಿಗೆ ಸುರಿಯುವುದು ಅವರ ಕೆಲಸ. ಸೋಪು ಆಯಿತೋ ಇಲ್ಲವೋ ಎಂಬ ತೀರ್ಪು ಮಾತ್ರ ಹೆಂಡತಿಯದು. ಎಷ್ಟೋ ವರ್ಷ ಕಾಸ್ಟಿಕ್‌ನೊಂದಿಗೆ ಆಡಿ ಯಜಮಾನರ ಬೆರಳ ತುದಿಗಳು ಗೊರಸಿನ ಹಾಗೆ ಗಟ್ಟಿಯಾಗಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿಬಿಡುತ್ತಿದ್ದರು. ಹೆಂಡತಿ ಹಲಗೆಯ ಮೇಲೆ ಒಣಗುತ್ತಿದ್ದ ಸೋಪನ್ನು ಹೆಬ್ಬೆರಳಿನಿಂದ ಒತ್ತುವಳು, ಮೂಲೆ ಮುರಿದು ಅಂಗೈಯಲ್ಲಿ ಉಜ್ಜುವಳು, ನಾಲಿಗೆಯ ತುದಿಗೆ ತಾಗಿಸಿ ಉಗುಳುವಳು. ಚುರುಗುಟ್ಟಿದರೆ "ಇನ್ನೂ ಕಚ್ಚುತ್ತೆ, ಬಿಡಿ" ಎನ್ನುವಳು. ಅವಳು ಬಿಡಿ ಎಂದಮೇಲೆ ಲಾಂಡ್ರಿಯವನು ಬಾಗಿಲಿಗೇ ಬಂದು ನಿಂತರೂ ಆ ಸೋಪು ಹಲಗೆ ಬಿಟ್ಟು ಕದಲುತ್ತಿರಲಿಲ್ಲ. ಬೀದಿಯವರು ಅವಳಿಗೆ ಸೋಪಮ್ಮ ಎಂದು ಹೆಸರಿಟ್ಟಿದ್ದರು. ಕಾಸ್ಟಿಕ್ ನೆಕ್ಕಿ ನೆಕ್ಕಿಯೇ ಅಮ್ಮನ ಮಾತು ಇಷ್ಟು ಖಾರ ಎಂದು ಮಗ ತಮಾಷೆ ಮಾಡುತ್ತಿದ್ದ. ಅವನದು ಗಾಡಿಯಲ್ಲಿ ಸೋಪು ತುಂಬಿಕೊಂಡು ಲಾಂಡ್ರಿಗಳಿಗೂ ಹಾಸ್ಟೆಲ್‌ಗಳಿಗೂ ಹಾಕಿ ಬರುವ ಕೆಲಸ. ಸೊಸೆಯದು ಸೋಪಿಗೆ ಕಾಗದ ಸುತ್ತುವ ಕೆಲಸ, ಅಡುಗೆ, ಮತ್ತು ಮೇಲೆ ಹೇಳಿದ ಜಿಡ್ಡನ್ನೆಲ್ಲ ಒರೆಸುವ ಕೆಲಸ.

ಸೋಪಮ್ಮನಿಗೆ ನೋವು ಮೊದಲು ಬಂದದ್ದು ಊಟದ ನಡುವೆ. ಸೊಸೆ ಆಲೂಗಡ್ಡೆ ಕರಿದಿದ್ದಳು. ಮಗ ಅಮ್ಮನ ತಟ್ಟೆಗೆ ಎರಡನೇ ಸಲ ಬಡಿಸಿದ್ದ. ತುತ್ತನ್ನು ಬಾಯಿಯ ಹತ್ತಿರ ತಂದವಳು ಹಾಗೇ ಕೂತುಬಿಟ್ಟಳು. ಬಲಗೈ ಪಕ್ಕೆಲುಬಿನ ಕೆಳಗೆ ಹೋಯಿತು.

"ಗ್ಯಾಸು" ಎಂದಳು.

"ಮುಖ ಬೆಳ್ಳಗಾಗಿದೆ ಅತ್ತೆ."

"ಗ್ಯಾಸಿಗೆ ಮುಖ ಕೆಂಪಗಾಗುತ್ತಾ? ನೀನು ಊಟ ಮಾಡು."

ಗ್ಯಾಸು ಬೆನ್ನಿಗೆ ಹಬ್ಬಿತು, ಭುಜಕ್ಕೆ ಏರಿತು, ತಿಂದದ್ದೆಲ್ಲ ಕಕ್ಕಿಸಿತು. ಮಗ ಗಾಡಿಯಿಂದ ಸೋಪಿನ ಪೆಟ್ಟಿಗೆಗಳನ್ನು ಇಳಿಸಿ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿ ಹೊಟ್ಟೆಗೆ ಅಂಟಂಟಾದ ಮದ್ದು ಬಳಿದು ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಮಾತು ನಿಧಾನ, ಸ್ಪಷ್ಟ.

"ಪಿತ್ತಕೋಶದಲ್ಲಿ ಕಲ್ಲುಗಳಿವೆ. ಈಗ ನೋವು ನಿಂತಿದೆ, ಆದರೆ ಮತ್ತೆ ಬರುತ್ತೆ. ತೆಗೆಸಿಬಿಡೋದು ಒಳ್ಳೇದು. ಸಣ್ಣ ಆಪರೇಷನ್, ಹೆದರೋ ಅಂಥದ್ದೇನಿಲ್ಲ."

ಸಣ್ಣ ಆಪರೇಷನ್ ಎಂದ ಕೂಡಲೇ ಯಜಮಾನರು ಹೆಂಡತಿಯ ಮುಖ ನೋಡಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಸೋಪಮ್ಮನ ಅಕ್ಕನ ಗಂಡನೂ ಇದೇ ಎರಡು ಮಾತು ಕೇಳಿ ಒಳಗೆ ಹೋದವರು. ಬಾಗಿಲ ಈಚೆ ಇವರೆಲ್ಲ ಟೀ ಕುಡಿಯುತ್ತ ಕೂತಿದ್ದಾಗ ಒಬ್ಬ ಡಾಕ್ಟರು ಬಂದು ತಲೆ ತಗ್ಗಿಸಿ ನಿಂತಿದ್ದರು. ಆ ಟೀ ಲೋಟ ಯಾರ ಕೈಯಲ್ಲಿ ಎಷ್ಟು ಹೊತ್ತು ಉಳಿಯಿತೋ ಯಾರಿಗೂ ನೆನಪಿಲ್ಲ.

ಸೋಪಮ್ಮನ ಆಪರೇಷನ್‌ಗೆ ಮುಂದಿನ ತಿಂಗಳ ಒಂದು ದಿನ ಗೊತ್ತಾಯಿತು. ಮನೆಗೆ ಬರುವಷ್ಟರಲ್ಲಿ ಆ ಅಕ್ಕ, ಮಗನ ಬಾಯಲ್ಲಿ ದೊಡ್ಡಮ್ಮ, ಒಂದು ಚೀಲ ಸೇಬು ಹಿಡಿದು ಜಗಲಿಯ ಮೇಲೆ ಕೂತಿದ್ದರು.

"ತಿಂದಿದ್ದರಿಂದ ಬಂದ ಕಲ್ಲು ತಿನ್ನೋದರಿಂದಲೇ ಹೋಗಬೇಕು" ಎಂದರು ದೊಡ್ಡಮ್ಮ. "ಅದಕ್ಕೆ ಚಾಕು ಯಾಕೆ? ನನ್ನ ಜೊತೆ ವಾಕಿಂಗ್ ಬರ್ತಾಳಲ್ಲ, ಅವಳ ನಾದಿನಿಗೆ ಹೀಗೇ ಆಗಿತ್ತು. ಎಣ್ಣೆ ಜಿಡ್ಡು ಪೂರ್ತಿ ಬಿಟ್ಟು, ಸೇಬಿನ ರಸ ಕುಡಿದು ಕಲ್ಲು ಮೆತ್ತಗೆ ಮಾಡ್ಕೊಂಡು, ಆಮೇಲೆ ಒಂದು ದಿನ ಎಣ್ಣೆ ನಿಂಬೆರಸ ಕುಡಿದರೆ ಎಲ್ಲ ತೊಳೆದುಕೊಂಡು ಹೊರಗೆ ಬರುತ್ತಂತೆ. ಬಂತಂತೆ. ಅವಳೇ ಕಣ್ಣಾರೆ ನೋಡಿದಾಳಂತೆ."

"ದೊಡ್ಡಮ್ಮ, ಡಾಕ್ಟರು ಹೇಳಿದ್ದು..." ಎಂದು ಮಗ ಶುರು ಮಾಡಿದ.

"ಡಾಕ್ಟರು ನಿಮ್ಮ ದೊಡ್ಡಪ್ಪನಿಗೂ ಇದ್ರು ಕಣೋ."

ಆ ಮಾತಿಗೆ ಎದುರಾಡುವ ಶಕ್ತಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಆಪರೇಷನ್‌ಗೆ ಇನ್ನೂ ಟೈಮ್ ಇದೆಯಲ್ಲ" ಎಂದಳು ಸೋಪಮ್ಮ. "ಅಲ್ಲಿವರೆಗೂ ಇದನ್ನ ಮಾಡಿ ನೋಡೋಣ. ಹೋದರೆ ಹೋಗಲಿ, ಇಲ್ಲದಿದ್ದರೆ ಆಸ್ಪತ್ರೆ ಇದ್ದೇ ಇದೆ. ಏನ್ರೀ?"

"ನಿನ್ನಿಷ್ಟ" ಎಂದರು ಯಜಮಾನರು. ಮದುವೆಯಾದಾಗಿನಿಂದ ಅವರಿಗೆ ಅಭ್ಯಾಸವಾಗಿದ್ದ ಉತ್ತರ ಅದು.

ಹಿತ್ತಲಲ್ಲಿ ಎಣ್ಣೆಯ ಡ್ರಮ್ಮುಗಳು ಸಾಲಾಗಿ ನಿಂತಿರುವ ಮನೆಯ ಅಡುಗೆಯಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲದಂತಾಯಿತು. ಮೊಟ್ಟೆ ಹೋಯಿತು, ಬೆಣ್ಣೆ ಹೋಯಿತು, ಹಾಲಿನ ಕೆನೆ ಬೆಕ್ಕಿನ ಪಾಲಾಯಿತು. ಬೇಯಿಸಿದ ಸೋರೆಕಾಯಿ, ಬೇಯಿಸಿದ ಬೀಟ್‌ರೂಟು, ಬೇಯಿಸಿದ ಇನ್ನೇನೋ. ಮಗ ಎರಡು ದಿನ ತಡೆದುಕೊಂಡ. ಮೂರನೆಯ ದಿನ ತಟ್ಟೆಯನ್ನು ದೂರ ತಳ್ಳಿದ.

"ಕಲ್ಲು ಇರೋದು ಅಮ್ಮನ ಹೊಟ್ಟೇಲಿ. ನಾವ್ಯಾಕೆ ಹುಲ್ಲು ಮೇಯಬೇಕು?"

"ನಿನಗೆ ಬೇರೆ ಮಾಡ್ಕೊಡ್ತೀನಿ ಬಿಡು" ಎಂದಳು ಸೊಸೆ.

"ಮಾಡಬೇಡ" ಎಂದರು ದೊಡ್ಡಮ್ಮ. "ಕರಿದ ವಾಸನೆ ಬಂದರೆ ಅವಳಿಗೆ ಆಸೆಯಾಗುತ್ತೆ."

ಸೊಸೆ ಇಬ್ಬರ ನಡುವೆ ಅಡಕೊತ್ತಿನಲ್ಲಿ ಸಿಕ್ಕಿದ ಅಡಕೆಯಾದಳು. ಮಗ ಹೊರಗೇ ತಿಂದು ಬರತೊಡಗಿದ. ಅಂಗಿಯ ತೋಳಿನಿಂದ ಬೋಂಡಾದ ವಾಸನೆ ಬಂದರೆ "ಹಾಸ್ಟೆಲ್ ಅಡುಗೆಮನೆಗೆ ಹೋಗಿದ್ದೆ" ಎನ್ನುತ್ತಿದ್ದ. ಯಜಮಾನರು ಮಾತ್ರ ಹೆಂಡತಿ ತಿಂದದ್ದನ್ನೇ ತಿಂದರು. ಅವರಿಗೆ ಕರಿದದ್ದೆಂದರೆ ಪ್ರಾಣ. ಆದರೂ ಅವಳೊಬ್ಬಳೇ ಸಪ್ಪೆ ನುಂಗುವುದನ್ನು ನೋಡುತ್ತ ತಾವು ರುಚಿಯಾಗಿ ಉಣ್ಣುವುದು ಅವರಿಂದ ಆಗಲಿಲ್ಲ. ಕೆನ್ನೆ ಒಳಕ್ಕೆ ಹೋಯಿತು. ಕಾಸ್ಟಿಕ್ ಡಬ್ಬ ಎತ್ತುವಾಗ ಕಾಲು ನಡುಗುತ್ತಿತ್ತು.

"ನಿಮಗೇನು ಬಂದಿದೆ? ಎಣ್ಣೆ ಹಾಕಿಸ್ಕೊಂಡು ಉಣ್ಣಿ" ಎಂದು ಸೋಪಮ್ಮ ಗದರಿದಳು. "ನೀವು ಹೀಗೆ ಒಣಗಿದರೆ ನಿಮ್ಮನ್ನೂ ಹಲಗೆ ಮೇಲಿಟ್ಟು ಕಾಗದ ಸುತ್ತಬೇಕಾಗುತ್ತೆ."

ಗದರಿದರೂ ಅವಳಿಗೆ ಒಳಗೊಳಗೇ ಹಿತವಾಗಿತ್ತು. ನೋವೂ ಬಂದಿರಲಿಲ್ಲ. ಜಿಡ್ಡು ಬಿಟ್ಟದ್ದರಿಂದ ಹೊಟ್ಟೆ ಸುಮ್ಮನಿತ್ತು, ಅದಂತೂ ನಿಜ. ಆಪರೇಷನ್‌ಗೆ ಒಂದು ವಾರ ಇರುವಾಗ ದೊಡ್ಡಮ್ಮ ಚೀಲ ಸಮೇತ ಬಂದು ಉಳಿದರು. ಉಪವಾಸ, ಭೇದಿಗೆ ಉಪ್ಪಿನ ನೀರು, ಕೊನೆಗೆ ಲೋಟದ ತುಂಬ ಎಣ್ಣೆ ಮತ್ತು ನಿಂಬೆರಸ. ಸೋಪಮ್ಮ ಮೂಗು ಹಿಡಿದುಕೊಂಡು ಕುಡಿದಳು.

"ಜನ್ಮವೆಲ್ಲ ಎಣ್ಣೆ ಕಾಯಿಸಿದ್ದಾಯ್ತು. ಈಗ ಕುಡಿದಿದ್ದೂ ಆಯ್ತು" ಎಂದಳು. ಎಲ್ಲರೂ ನಕ್ಕರು.

ಬೆಳಗ್ಗೆ ಯಜಮಾನರು ಒಲೆ ಹಚ್ಚುತ್ತಿದ್ದಾಗ ಬಚ್ಚಲ ಕಡೆಯಿಂದ ಕೂಗು ಬಂತು. ನೋವಿನ ಕೂಗು ಎಂದು ಅವರು ಎದ್ದುಬಿದ್ದು ಓಡಿದರು. ಅಲ್ಲ, ಸಂತೋಷದ ಕೂಗು. ದೊಡ್ಡಮ್ಮ ಹಳೆಯ ಜರಡಿಯೊಂದನ್ನು ನೀರಿನಡಿ ಹಿಡಿದಿದ್ದರು. ಅದರಲ್ಲಿ ಹಸಿರು ಉಂಡೆಗಳು. ಕೆಲವು ಬಟಾಣಿಯಷ್ಟು, ಕೆಲವು ಹುಣಸೆ ಬೀಜಕ್ಕಿಂತ ದೊಡ್ಡವು. ಸೋಪಮ್ಮ ಗೋಡೆಗೆ ಒರಗಿ ನಿಂತಿದ್ದಳು. ಭೇದಿಯಿಂದ ಸೋತು ಸುಣ್ಣವಾಗಿದ್ದರೂ ಮುಖದಲ್ಲಿ ಹದಿನಾರರ ಹುಡುಗಿಯ ಬೆಳಕಿತ್ತು.

"ನೋಡ್ರೀ! ಎಷ್ಟೊಂದು!"

ಯಜಮಾನರು ಒಂದನ್ನು ತೆಗೆದುಕೊಂಡು ನಲ್ಲಿಯ ಕೆಳಗೆ ತಿರುವಿದರು. ಅವರ ಬೆರಳಿಗೆ ಏನೂ ಗೊತ್ತಾಗಲಿಲ್ಲ, ಕಣ್ಣಿಗೆ ಗೊತ್ತಾಯಿತು. ಉಂಡೆ ಒತ್ತಿದರೆ ಒತ್ತಿಸಿಕೊಂಡಿತು. ನೀರು ಬಿದ್ದ ಕಡೆ ಅಂಚಿನಲ್ಲಿ ತೆಳ್ಳಗೆ ನೊರೆ ಕಟ್ಟಿತು. ಪಾತ್ರೆ ಸರಿಯಾಗಿ ಕಾಯದ ದಿನ, ಎಣ್ಣೆ ಅರ್ಧ ಸೋಪಾಗಿ ಅರ್ಧ ಎಣ್ಣೆಯಾಗೇ ಉಳಿದಾಗ, ತಳದಲ್ಲಿ ಇಂಥವೇ ಉಂಡೆ ಸಿಗುತ್ತವೆ. ಎಷ್ಟು ಸಲ ಕೆರೆದು ಎಸೆದಿಲ್ಲ ಅವರು? ಕುಡಿದ ಎಣ್ಣೆ ಹೊಟ್ಟೆಯ ರಸದೊಂದಿಗೆ ಸೇರಿ ಸೋಪಾಗಿ ಹೊರಗೆ ಬಂದಿದೆ. ಕಲ್ಲು ಒಳಗೇ ಇದೆ.

"ಏನ್ರೀ, ಕಲ್ಲೇ ತಾನೆ?" ಎಂದಳು ಸೋಪಮ್ಮ.

ಅವಳ ಕೈ ಅವರ ತೋಳನ್ನು ಹಿಡಿದಿತ್ತು. ದೊಡ್ಡಮ್ಮನ ಕಣ್ಣಲ್ಲಿ ನೀರು. ಗಂಡನನ್ನು ಕಳೆದುಕೊಂಡವರು ತಂಗಿಯನ್ನಾದರೂ ಉಳಿಸಿಕೊಂಡೆ ಎಂದು ಅಳುತ್ತಿದ್ದರು. ಆ ಇಬ್ಬರ ನಡುವೆ ನಿಂತು ಇದು ಸೋಪು ಎನ್ನುವುದಕ್ಕೆ ಕಲ್ಲೆದೆ ಬೇಕಿತ್ತು. ಯಜಮಾನರಿಗೆ ಅದು ಇರಲಿಲ್ಲ. ಸಂಜೆ ಹೇಳಿದರಾಯಿತು, ಸುಧಾರಿಸಿಕೊಳ್ಳಲಿ ಎಂದುಕೊಂಡರು.

"ಕಲ್ಲೇ. ಮತ್ತೇನು?" ಎಂದರು.

ಸಂಜೆ ಸೋಪಮ್ಮ ಹೊಸ ಸೀರೆ ಉಟ್ಟು ಬೀದಿಯ ನಾಲ್ಕು ಮನೆಗೆ ಹೋಗಿ ಬಂದಳು. ಮಾರನೇ ದಿನ ಮಗ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ ಬೇಡ ಎಂದ. ಉಂಡೆಗಳು ಗಾಜಿನ ಬಾಟಲಿಗೆ ಸೇರಿ ಅಡುಗೆಮನೆಯ ಕಿಟಕಿಯಲ್ಲಿ ಕೂತವು. ಬಂದವರಿಗೆಲ್ಲ ದೊಡ್ಡಮ್ಮ ಅದನ್ನು ಅಲ್ಲಾಡಿಸಿ ತೋರಿಸುತ್ತಿದ್ದರು. ಹೇಳಬೇಕಾದ ಮಾತು ಯಜಮಾನರ ಗಂಟಲಲ್ಲಿ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೇಡಿಗಳಿಗೆ ಗಾದೆಗಳ ಕೊರತೆ ಇಲ್ಲ.

ಕೆಲವು ದಿನದ ಮೇಲೆ ಸೊಸೆ ಶೆಡ್ಡಿಗೆ ಬಂದಳು. ಸೆರಗಿನ ಮರೆಯಲ್ಲಿ ಆ ಬಾಟಲಿ. ಯಜಮಾನರು ತಂತಿಯಿಂದ ಸೋಪು ಕೊಯ್ಯುತ್ತಿದ್ದರು.

"ಮಾವ, ಇದನ್ನ ನೋಡಿ. ಕಿಟಕೀಲಿ ಬಿಸಿಲು ಬೀಳುತ್ತಲ್ಲ, ಎಲ್ಲ ಕರಗಿ ಒಂದೇ ಮುದ್ದೆ ಆಗಿದೆ. ಮೇಲೆ ಎಣ್ಣೆ ನಿಂತಿದೆ. ಕಲ್ಲು ಕರಗುತ್ತಾ?"

ಯಜಮಾನರು ತಂತಿಯನ್ನು ಕೆಳಗಿಟ್ಟರು.

"ನಿಮಗೆ ಗೊತ್ತು" ಎಂದಳು ಸೊಸೆ. ಅವಳ ದನಿ ಸಣ್ಣದಾಯಿತು. "ಗೊತ್ತಲ್ವಾ ಮಾವ? ಮೊದಲೇ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತಮ್ಮ. ಸೋಪು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವಳ ಮುಖ ನೀನು ನೋಡಿರಲಿಲ್ಲ."

ಸೊಸೆ ಬಾಟಲಿಯನ್ನು ಮತ್ತೆ ಸೆರಗಿನ ಮರೆಗೆ ಸೇರಿಸಿದಳು. ಆಮೇಲೆ ಹೇಳಿದಳು: "ನನ್ನ ಮಾತು ಯಾರೂ ಕೇಳಲ್ಲ. ನಿಮ್ಮದು ಕೇಳ್ತಾರೆ. ಇವತ್ತು ಊಟಕ್ಕೆ ಕೂತಾಗ ನಾನೇ ಮಾತು ತೆಗೀತೀನಿ. ನೀವು ಒಂದೇ ಒಂದು ಮಾತು ಹೇಳಿ ಸಾಕು."

"ಹೇಳ್ತೀನಿ" ಎಂದರು ಯಜಮಾನರು. ಹೇಳಬೇಕೆಂದೇ ಇದ್ದರು, ಅದರಲ್ಲಿ ಸುಳ್ಳಿಲ್ಲ.

ಊಟಕ್ಕೆ ದೊಡ್ಡಮ್ಮನೂ ಇದ್ದರು. ಸೊಸೆ ಎಲ್ಲರಿಗೂ ಬಡಿಸಿ, ತಾನು ಕೂರದೆ, ಪಾತ್ರೆ ಹಿಡಿದುಕೊಂಡೇ ನಿಂತಳು.

"ಅತ್ತೆ, ಒಂದ್ಸಲ ಸ್ಕ್ಯಾನ್ ಮಾಡಿಸಿಬಿಡೋಣ. ಕಲ್ಲು ಹೋಗಿದ್ರೆ ಅದರಲ್ಲೂ ಗೊತ್ತಾಗುತ್ತಲ್ಲ."

"ಕಣ್ಣಾರೆ ಕಂಡಿದ್ದಕ್ಕೆ ಸ್ಕ್ಯಾನ್ ಬೇರೆ ಯಾಕೆ?" ಎಂದರು ದೊಡ್ಡಮ್ಮ.

"ಅದು ಕಲ್ಲಲ್ಲ ದೊಡ್ಡಮ್ಮ. ಬಿಸಿಲಿಗೆ ಕರಗಿದೆ."

"ಕರಗದೆ ಏನು? ಕರಗಲಿ ಅಂತಲೇ ಅಲ್ವಾ ಅಷ್ಟು ದಿನ ರಸ ಕುಡಿದದ್ದು?"

"ಊಟದ ಹೊತ್ತಲ್ಲಿ ಏನೇ ಇದು" ಎಂದ ಮಗ. "ಅಮ್ಮನಿಗೆ ನೋವಿಲ್ಲ, ಆರಾಮಾಗಿದಾಳೆ. ಇರಲಾರದೆ ಇರುವೆ ಬಿಟ್ಕೋಬೇಡ."

ಸೋಪಮ್ಮ ಚಮಚ ಕೆಳಗಿಟ್ಟಳು. "ನಿನಗೆ ನನ್ನ ಪಥ್ಯದ ಅಡುಗೆ ಮಾಡೋಕೆ ಬೇಜಾರಾಗಿದ್ರೆ ಬಾಯಿಬಿಟ್ಟು ಹೇಳು. ನನ್ನನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸಿ ನಿನ್ನ ಕೆಲಸ ಹಗುರ ಮಾಡ್ಕೋಬೇಡ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬುದು ಇದಕ್ಕೇ. ಸೊಸೆಯ ಕಣ್ಣು ತುಂಬಿತು. ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು.

"ಮಾವ, ನೀವು ಹೇಳಿ."

ಎಲ್ಲರೂ ಯಜಮಾನರ ಕಡೆ ತಿರುಗಿದರು. ಸೋಪಮ್ಮ ಕೂಡ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಹೇಳ್ರೀ. ಅದು ಕಲ್ಲಲ್ವಾ?"

ಯಜಮಾನರಿಗೆ ಆ ಕಣ್ಣಲ್ಲಿ ಭಯ ಕಂಡಿತು. ಬಾಗಿಲು, ಟೀ ಲೋಟ, ತಲೆ ತಗ್ಗಿಸಿ ನಿಂತ ಡಾಕ್ಟರು, ಎಲ್ಲವೂ ಒಟ್ಟಿಗೆ ಕಂಡಿತು.

"ಕಲ್ಲೇ ಇರಬೇಕು" ಎಂದರು. "ಆ ಉಪ್ಪು ಈ ಕಡೆ ಕೊಡು."

ಉಪ್ಪು ಕೊಟ್ಟದ್ದು ಸೊಸೆಯೇ. ಆಮೇಲೆ ಅವಳು ಮಾವನ ಜೊತೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಟೀ ಬರುತ್ತಿತ್ತು, ಊಟ ಬರುತ್ತಿತ್ತು, ಬಟ್ಟೆ ಒಗೆದು ಮಡಚಿಟ್ಟಿರುತ್ತಿತ್ತು. ಮಾತು ಮಾತ್ರ ಇಲ್ಲ. ಬಯ್ದಿದ್ದರೆ ಎಷ್ಟೋ ಸುಖವಾಗಿತ್ತು ಎಂದು ಯಜಮಾನರಿಗೆ ಅನ್ನಿಸುತ್ತಿತ್ತು.

ಅಂದಿನಿಂದ ಅವರು ಹೆಂಡತಿಯನ್ನು ಕಳ್ಳನ ಹಾಗೆ ಗಮನಿಸತೊಡಗಿದರು. ಒಂದು ದಿನ ಶೆಡ್ಡಿನೊಳಗೆ ಬಂದಾಗ ಅವಳು ಸೋಪಿನ ಹಲಗೆಗಳ ಕಂಬ ಹಿಡಿದುಕೊಂಡು ಬಗ್ಗಿ ನಿಂತಿದ್ದಳು. ಹಣೆಯ ಮೇಲೆ ಬೆವರು.

"ಏನಾಯ್ತೇ?"

"ಏನಿಲ್ಲ, ಸೊಂಟ ಹಿಡ್ಕೊಂಡಿತು."

ಅವಳ ಅಂಗೈ ಇದ್ದದ್ದು ಸೊಂಟದ ಮೇಲಲ್ಲ, ಪಕ್ಕೆಲುಬಿನ ಕೆಳಗೆ. ಅವರು ಕಂಡರು. ಕಂಡದ್ದು ಅವಳಿಗೂ ಗೊತ್ತಾಯಿತೋ ಏನೋ, ಕೈ ತೆಗೆದು ಸೀರೆ ಸರಿಮಾಡಿಕೊಂಡಳು.

"ಎಣ್ಣೆ ಹಚ್ಚಿ ಉಜ್ಜಲಾ?" ಎಂದರು ಯಜಮಾನರು.

"ಬೇಡ. ಎಣ್ಣೆ ಸಹವಾಸ ಸಾಕು" ಎಂದು ಅವಳು ನಕ್ಕಳು.

ಅವರೂ ನಕ್ಕರು. ಇಬ್ಬರೂ ನಗುತ್ತ ತಮ್ಮ ತಮ್ಮ ಕೆಲಸಕ್ಕೆ ಹೋದರು. ಊಟ ಕಡಿಮೆ ಮಾಡಿದಳು, ಪಥ್ಯ ಎಂದಳು. ಹಗಲಲ್ಲೂ ಮಲಗತೊಡಗಿದಳು, ಸೆಕೆ ಎಂದಳು. ದೊಡ್ಡಮ್ಮ ಇನ್ನೊಂದು ಸಲ ತೊಳೆದುಬಿಡೋಣ, ಎಲ್ಲೋ ಒಂದೆರಡು ಉಳಿದಿರಬೇಕು ಎಂದು ಮತ್ತೆ ಎಣ್ಣೆ ನಿಂಬೆ ತಂದರು. ಸೋಪಮ್ಮ ಲೋಟ ಕೈಯಲ್ಲಿ ಹಿಡಿದು ಗಂಡನ ಕಡೆ ನೋಡಿದಳು. ಅವರು ನೆಲ ನೋಡಿದರು. ಅವಳು ಕುಡಿದಳು. ಮತ್ತೆ ಹಸಿರು ಉಂಡೆಗಳು ಬಂದವು. ಈ ಸಲ ಯಾರೂ ಕೂಗಲಿಲ್ಲ.

ಅದಾದ ಮೇಲೆ ಒಂದು ಬೆಳಗ್ಗೆ ಅವಳು ಎಂದಿನಂತೆ ಸೋಪು ನೋಡಲು ಬಂದಳು. ಮೂಲೆ ಮುರಿದು ನಾಲಿಗೆಗೆ ತಾಗಿಸಿದಳು, ಉಗುಳಿದಳು, ಇನ್ನೊಂದನ್ನು ತೆಗೆದುಕೊಂಡಳು.

"ಎಲ್ಲ ಕಹಿ" ಎಂದಳು. "ಸೋಪಲ್ಲ. ನನ್ನ ಬಾಯೇ ಕಹಿ ಕಣ್ರೀ."

ಶೆಡ್ಡಿನ ಬಾಗಿಲಿನಿಂದ ಬಿಸಿಲು ನೇರ ಅವಳ ಮುಖಕ್ಕೆ ಬಿದ್ದಿತ್ತು. ಕಣ್ಣಿನ ಬಿಳಿ ಹಳದಿಯಾಗಿತ್ತು. ಮೈ ಮುಟ್ಟಿದರೆ ಕೆಂಡ. ಯಜಮಾನರು "ಲೋ, ಗಾಡಿ ತೆಗಿಯೋ" ಎಂದು ಕೂಗಿದರು. ಆ ಮನೆಯಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ.

ಅದೇ ಡಾಕ್ಟರಮ್ಮ. ಈ ಸಲ ಅವರ ಮಾತು ನಿಧಾನವಾಗಿರಲಿಲ್ಲ. "ಕಲ್ಲು ಜಾರಿ ಪಿತ್ತದ ನಾಳದಲ್ಲಿ ಸಿಕ್ಕಿಕೊಂಡಿದೆ. ಒಳಗೆ ಕೀವಾಗಿದೆ, ಅದು ರಕ್ತಕ್ಕೂ ಸೇರಿದೆ. ಕೊಟ್ಟ ದಿನಕ್ಕೆ ಯಾಕೆ ಬರಲಿಲ್ಲ?"

ದೊಡ್ಡಮ್ಮ ಗೋಡೆ ಹಿಡಿದುಕೊಂಡು ಕುಸಿದು ಕೂತರು.

ಕೊಳವೆ ಹಾಕಿ ಕೀವು ತೆಗೆದರು, ಔಷಧಿಯ ಮೇಲೆ ಔಷಧಿ ಏರಿಸಿದರು. ಜ್ವರ ಇಳಿಯಿತು, ಏರಿತು, ಮತ್ತೆ ಇಳಿಯಿತು. ಒಂದು ಮಧ್ಯಾಹ್ನ ಸೋಪಮ್ಮನಿಗೆ ಚೆನ್ನಾಗಿ ಎಚ್ಚರವಾಯಿತು. ಮಗ ಔಷಧಿ ತರಲು ಹೋಗಿದ್ದ. ಸೊಸೆ ಮಂಚದ ಕಾಲ ಬಳಿ ನಿಂತು ಲೋಟದಲ್ಲಿ ಗ್ಲೂಕೋಸ್ ಕಲಕುತ್ತಿದ್ದಳು. ಸೋಪಮ್ಮ ಮೊದಲು ಅವಳನ್ನು ಹತ್ತಿರ ಕರೆದಳು.

"ಅವತ್ತು ನಿನ್ನ ಮೇಲೆ ರೇಗಿದೆ. ನೀನು ಹೇಳಿದ್ದು ಸರಿಯಾಗೇ ಇತ್ತು."

"ಅದೆಲ್ಲ ಈಗ ಯಾಕೆ ಅತ್ತೆ."

"ಈಗಲ್ಲದೆ ಇನ್ಯಾವಾಗ?" ಎಂದು ಸೋಪಮ್ಮ ಗಂಡನ ಕಡೆ ತಿರುಗಿದಳು. "ರೀ, ಇಲ್ಲಿ ಬನ್ನಿ. ನಿಮಗೊಂದು ಹೇಳಬೇಕು. ಬಯ್ಯಬೇಡಿ."

ಯಜಮಾನರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದರು. ಕೈ ಒಣಗಿ ಹಗುರವಾಗಿತ್ತು.

"ಅದು ಕಲ್ಲಲ್ಲ. ಸೋಪು. ಅವತ್ತು ನೀವು ಬಚ್ಚಲ ಹತ್ತಿರ ಬಂದು ಕಲ್ಲು ಅಂದ್ರಲ್ಲ, ನೀವು ಹೋದ ಮೇಲೆ ನಾನೂ ಒಂದನ್ನ ಹಿಚುಕಿ ನೋಡಿದೆ. ಮುಟ್ಟಿದ ಕೂಡಲೇ ಗೊತ್ತಾಯ್ತು. ಇಷ್ಟು ವರ್ಷ ಅದೇ ತಾನೆ ನನ್ನ ಕೆಲಸ?"

ಚಮಚದ ಸದ್ದು ನಿಂತಿತು.

"ಹೇಳೋಣ ಅಂತ ಹೊರಗೆ ಬಂದೆ" ಎಂದಳು ಸೋಪಮ್ಮ. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. "ನೀವು ಶೆಡ್ಡಲ್ಲಿ ಶಿಳ್ಳೆ ಹಾಕ್ತಾ ಕೂತಿದ್ರಿ. ಎಷ್ಟು ದಿನ ಆಗಿತ್ತೋ ನಿಮ್ಮ ಶಿಳ್ಳೆ ಕೇಳಿ. ಪಾಪ, ನಿಮ್ಮ ಬೆರಳಿಗೆ ಏನು ಗೊತ್ತಾಗುತ್ತೆ, ನಿಜವಾಗಲೂ ಕಲ್ಲು ಅಂತ ನಂಬಿಬಿಟ್ಟಿದಾರೆ ಅಂದ್ಕೊಂಡೆ. ನೀವು ಆ ಸಪ್ಪೆ ತಿಂದು ಕಡ್ಡಿ ಆಗಿದ್ರಿ. ಅಕ್ಕ ಬೇರೆ ಅಳ್ತಾ ಇದ್ಲು. ನನಗೂ ಆ ಟೇಬಲ್ ಭಯ. ಹೇಗೂ ನೋವು ಬಂದಿಲ್ವಲ್ಲ, ನಡೆದಷ್ಟು ದಿನ ನಡೀಲಿ ಅಂತ ಸುಮ್ಮನಾದೆ. ಆಮೇಲೆ ನೋವು ಬಂದಾಗ ಹೇಳೋಕೆ ನಾಚಿಕೆ ಆಯ್ತು. ಆವತ್ತು ಊಟಕ್ಕೆ ಕೂತಾಗ ನೀವೇ 'ಅಲ್ಲ' ಅಂದಿದ್ರೆ ನಾನೂ ಹ್ಞೂಂ ಅಂದುಬಿಡ್ತಿದ್ದೆ. ನೀವು ನಂಬಿದ್ರಿ."

ಯಜಮಾನರ ಬಾಯಿ ತೆರೆಯಿತು. ಅವರು ಶಿಳ್ಳೆ ಹಾಕುತ್ತಿದ್ದದ್ದು ನಿಜ. ಅವಳಿಗೆ ಕೇಳಲಿ ಎಂದೇ ಹಾಕುತ್ತಿದ್ದರು. ನನಗೂ ಗೊತ್ತಿತ್ತು ಕಣೇ ಎಂಬ ಮಾತು ನಾಲಿಗೆಯ ಮೇಲೆಯೇ ಇತ್ತು. ಅದನ್ನು ಹೇಳಿದರೆ ಅವಳು ಒಬ್ಬಳೇ ಹೊತ್ತುಕೊಂಡದ್ದೆಲ್ಲ, ಕಂಬ ಹಿಡಿದು ನುಂಗಿದ ನೋವೆಲ್ಲ, ಯಾವುದಕ್ಕೂ ಬೇಡವಾಗಿತ್ತು ಎಂದಾಗುತ್ತದೆ. ಹೇಳದಿದ್ದರೆ? ಸೊಸೆ ಲೋಟ ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು.

"ತಪ್ಪಾಯ್ತು ರೀ" ಎಂದಳು ಸೋಪಮ್ಮ. "ನಿಮ್ಮನ್ನ ಏಮಾರಿಸಿದೆ. ಮನಸ್ಸಲ್ಲಿ ಇಟ್ಕೋಬೇಡಿ."

"ಹೋಗ್ಲಿ ಬಿಡು" ಎಂದರು ಯಜಮಾನರು.

ಅವಳು ಸಮಾಧಾನದಿಂದ ಕಣ್ಣು ಮುಚ್ಚಿದಳು. ಮಾರನೇ ದಿನ ಬೆಳಗ್ಗೆ ತೀರಿಕೊಂಡಳು.

ಜನ ಬಂದು ಹೋಗುವುದೆಲ್ಲ ಮುಗಿದ ಮೇಲೆ ಮನೆಯಲ್ಲಿ ನಾಲ್ವರು ಉಳಿದರು. ದೊಡ್ಡಮ್ಮ ಮೂಲೆಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು: "ನಾನೇ ಕೊಂದೆ. ನನ್ನ ಕೈಯಾರೆ ಕೊಂದೆ." ಸೊಸೆ ತಟ್ಟೆ ತಂದಿಟ್ಟರೆ ದೂರ ಸರಿಸುತ್ತಿದ್ದರು. ಮಗ ಎರಡು ದಿನ ಕೇಳಿದ, ಮೂರನೆಯ ದಿನ ಅವನ ಸಹನೆಯ ಕಟ್ಟೆ ಒಡೆಯಿತು.

"ಹೌದು ದೊಡ್ಡಮ್ಮ, ನೀವೇ. ಆ ಬಾಟಲಿ ಹಿಡ್ಕೊಂಡು ಬೀದಿ ಬೀದಿ ಮೆರೆಸಿದ್ರಲ್ಲ! ನಮ್ಮಮ್ಮ ಇವತ್ತು ಇಲ್ಲಿ ಕೂತಿರ್ತಿದ್ಲು. ನಿಮ್ಮ ಮನೆಗೆ ಹೋಗಿ. ಇನ್ನು ಈ ಹೊಸ್ತಿಲು ತುಳೀಬೇಡಿ."

ದೊಡ್ಡಮ್ಮ ಎದುರಾಡಲಿಲ್ಲ. ಎದ್ದು ತಮ್ಮ ಚೀಲ ಹುಡುಕತೊಡಗಿದರು. ಕಣ್ಣೆದುರಿಗೇ ಇದ್ದ ಚೀಲ ಮುದುಕಿಗೆ ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಮಾವನ ಮುಖ ನೋಡಿದಳು, ಊಟದ ದಿನ ನೋಡಿದ ಹಾಗೆಯೇ.

"ಕೂತ್ಕೊಳ್ಳಿ" ಎಂದರು ಯಜಮಾನರು ದೊಡ್ಡಮ್ಮನಿಗೆ. "ನೀವು ಎಲ್ಲಿಗೂ ಹೋಗಬೇಡಿ. ನಿಮಗೆ ಅದು ಕಲ್ಲಲ್ಲ ಅಂತ ಗೊತ್ತಿರಲಿಲ್ಲ."

"ಯಾರಿಗೆ ತಾನೆ ಗೊತ್ತಿತ್ತಪ್ಪ?" ಎಂದ ಮಗ.

"ನನಗೆ."

ಮಗನಿಗೆ ಅರ್ಥವಾಗಲಿಲ್ಲ. ಅಪ್ಪನಿಗೆ ದುಃಖದಲ್ಲಿ ಬುದ್ಧಿ ಮಂಕಾಗಿದೆ ಎಂದುಕೊಂಡು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ. ದನಿ ಇಳಿಸಿ ಕೇಳಿದ: "ಅಪ್ಪ, ಆವತ್ತು ನಾನು ಔಷಧಿಗೆ ಹೋದಾಗ ಅಮ್ಮನಿಗೆ ಎಚ್ಚರ ಇತ್ತಂತಲ್ಲ. ಏನಾದ್ರೂ ಹೇಳಿದ್ಲಾ?"

"ಕ್ಷಮೆ ಕೇಳಿದ್ಲು" ಎಂದರು ಯಜಮಾನರು. "ನಾನು ಮಾಡಿದ ತಪ್ಪಿಗೆ ಅವಳು ನನ್ನ ಹತ್ತಿರ ಕ್ಷಮೆ ಕೇಳಿದ್ಲು ಕಣೋ. ನಾನು ಕ್ಷಮಿಸಿಬಿಟ್ಟೆ."